ಹೊಲದಲ್ಲಿ ಸ್ಯಾಂಡ್‌ಹಿಲ್ ಕ್ರೇನ್ ನೋಡುವುದು ಹೇಗೆ?

ಮಾರ್ಚ್‌ನಲ್ಲಿ ಅಮೆರಿಕದಲ್ಲಿರುತ್ತೀರಾ? ಹಾಗಾದರೆ ನೆಬ್ರಾಸ್ಕಾದ ಪ್ಲಾಟ್ ನದಿಗೆ ಹೋಗಿಬನ್ನಿ. ಫೆಬ್ರವರಿ ಕೊನೆಯಿಂದ ಏಪ್ರಿಲ್ ಮೊದಲ ವಾರದವರೆಗೆ ಲಕ್ಷಗಟ್ಟಲೆ ಸ್ಯಾಂಡ್‌ಹಿಲ್ ಕ್ರೇನ್ ಎಂಬ ಉದ್ದ ಕಾಲಿನ ದೊಡ್ಡ ಹಕ್ಕಿಗಳು ಉತ್ತರಕ್ಕೆ ಹೋಗುವ ದಾರಿಯಲ್ಲಿ ಅಲ್ಲಿ ತಂಗುತ್ತವೆ. ಮಾರ್ಚ್ ಕೊನೆಯ ಎರಡು ವಾರಗಳಲ್ಲಿ ಜಾಸ್ತಿ.

ಮೊದಲು ಜಾಗ ಗೊತ್ತು ಮಾಡಿಕೊಳ್ಳಿ. ರಾತ್ರಿ ಇವು ನದಿಯ ಆಳವಿಲ್ಲದ ನೀರಿನಲ್ಲಿ ನಿಂತೇ ನಿದ್ದೆ ಮಾಡುತ್ತವೆ. ಬೆಳಕು ಹರಿದ ಮೇಲೆ ಅಕ್ಕಪಕ್ಕದ ಹೊಲಗಳಿಗೆ ಹಾರುತ್ತವೆ. ಕೊಯ್ಲಿನಲ್ಲಿ ಉದುರಿದ ಮೆಕ್ಕೆಜೋಳದ ಕಾಳೇ ಅವುಗಳಿಗೆ ಮುಖ್ಯ ಊಟ. ಹಾಗಾಗಿ ಕರ್ನಿ ಮತ್ತು ಗ್ರ್ಯಾಂಡ್ ಐಲೆಂಡ್ ಊರುಗಳ ನಡುವಿನ ಹಳ್ಳಿದಾರಿ ಹಿಡಿಯಿರಿ. ಉಳುಮೆಯಾಗದ ಕೂಳೆ ಹೊಲಗಳನ್ನು ನೋಡುತ್ತಾ ಹೋಗಿ.

ಕಣ್ಣಿಗಿಂತ ಮೊದಲು ಕಿವಿ ಕೊಡಿ. ಕಾರು ನಿಲ್ಲಿಸಿ, ಎಂಜಿನ್ ಆಫ್ ಮಾಡಿ, ಗಾಜು ಇಳಿಸಿ. ಮರದ ಗಿಲಕಿ ತಿರುಗಿಸಿದಂಥ ಸದ್ದು ಬಂತಾ? ಅದೇ ಅವು. ಇವುಗಳ ಶ್ವಾಸನಾಳ ಎದೆಮೂಳೆಯೊಳಗೆ ಸುತ್ತಿಕೊಂಡಿರುತ್ತದೆ. ಅದಕ್ಕೇ ಕೂಗು ಒಂದೆರಡು ಕಿಲೋಮೀಟರ್ ದೂರಕ್ಕೂ ಕೇಳಿಸುತ್ತದೆ.

ಈಗ ಬೈನಾಕ್ಯುಲರ್ ತೆಗೆಯಿರಿ. ಬೂದು ಮೈ, ಹಣೆಯ ಮೇಲೆ ಕೆಂಪು ಚರ್ಮ, ಬಾಲದ ಮೇಲೆ ಇಳಿಬಿದ್ದ ಗರಿಗಳ ಕುಚ್ಚು. ಕೆಲವು ತುಕ್ಕುಬಣ್ಣದಲ್ಲಿರುತ್ತವೆ. ಗೂಡಿನ ಕಾಲದಲ್ಲಿ ಕಬ್ಬಿಣದ ಅಂಶವಿರುವ ಕೆಸರನ್ನು ಅವೇ ಗರಿಗಳಿಗೆ ಬಳಿದುಕೊಂಡಿರುತ್ತವೆ! ಹೊಸಬರು ಗ್ರೇಟ್ ಬ್ಲೂ ಹೆರಾನ್ ಎಂಬ ಬಕಪಕ್ಷಿಯನ್ನು ನೋಡಿ ಇದೇ ಅಂದುಕೊಳ್ಳುವುದುಂಟು. ಹಾರುವಾಗ ಗಮನಿಸಿ: ಹೆರಾನ್ ಕತ್ತು ಮಡಚಿಕೊಳ್ಳುತ್ತದೆ, ಕ್ರೇನ್ ನೇರವಾಗಿ ಚಾಚುತ್ತದೆ.

ಒಂದು ಗುಂಪು ಸಿಕ್ಕಿತು ಅಂದರೆ ಮುಂದಕ್ಕೆ ಓಡಬೇಡಿ. ಅಲ್ಲೇ ಕಾಯಿರಿ. ಒಂದು ಹಕ್ಕಿ ತಲೆ ಬಾಗಿಸಿ, ರೆಕ್ಕೆ ಬಿಚ್ಚಿ ಮೇಲಕ್ಕೆ ನೆಗೆಯುತ್ತದೆ. ಜೋಳದ ಕಡ್ಡಿ ಎತ್ತಿ ಗಾಳಿಗೆ ಎಸೆಯುತ್ತದೆ. ಪಕ್ಕದ್ದೂ ಶುರುಮಾಡುತ್ತದೆ. ಈ ಕುಣಿತಕ್ಕಾಗಿಯೇ ಅಷ್ಟು ದೂರ ಹೋಗಬೇಕು ಅನ್ನುತ್ತೇನೆ ನಾನು.

ಕಾರಿನಿಂದ ಮಾತ್ರ ಇಳಿಯಬೇಡಿ. ಕಾರಿಗೆ ಅವು ಅಷ್ಟಾಗಿ ಹೆದರುವುದಿಲ್ಲ, ಮನುಷ್ಯರನ್ನು ಕಂಡರೆ ಹಾರಿಬಿಡುತ್ತವೆ. ಮೇಯುವುದು ಬಿಟ್ಟು ಎಲ್ಲವೂ ತಲೆ ಎತ್ತಿದರೆ ನೀವು ಹತ್ತಿರವಾದಿರಿ ಎಂದೇ ಅರ್ಥ. ಮುಂದಿನ ಪಯಣಕ್ಕೆ ಅವು ಇಲ್ಲೇ ಕೊಬ್ಬು ಕೂಡಿಸಿಕೊಳ್ಳಬೇಕು. ಸುಮ್ನೆ ಎಬ್ಬಿಸಿದರೆ ಆ ಶಕ್ತಿ ಪೋಲು. ಹೊಲ ರೈತರದ್ದು, ಒಳಗೆ ಕಾಲಿಡಬೇಡಿ. ಟ್ರ್ಯಾಕ್ಟರ್‌ಗೆ ದಾರಿ ಬಿಟ್ಟು ಕಾರು ನಿಲ್ಲಿಸಿ.

ಮಾರ್ಚ್‌ನಲ್ಲಿ ಆಗದಿದ್ದರೆ ನವೆಂಬರ್‌ನಲ್ಲಿ ಇಂಡಿಯಾನಾ ರಾಜ್ಯದ ಜಾಸ್ಪರ್-ಪುಲಾಸ್ಕಿ ವನ್ಯಜೀವಿ ಪ್ರದೇಶಕ್ಕೆ ಹೋಗಿ. ದಕ್ಷಿಣಕ್ಕೆ ಹೊರಟ ಸಾವಿರಾರು ಕ್ರೇನ್‌ಗಳು ಸಂಜೆ ಅಲ್ಲಿನ ಹುಲ್ಲುಗಾವಲಿಗೆ ಇಳಿಯುತ್ತವೆ. ನೋಡಲು ಅಟ್ಟಣಿಗೆಯೂ ಇದೆ.