ಮಕ್ಕಳ ಕಾಲೇಜು ಫೀಸು: ಮನೆ ಖರ್ಚು ಕುಸಿಯದಂತೆ ಕಟ್ಟುವುದು ಹೇಗೆ?

ಸಿಇಟಿ ಸೀಟು ಹಂಚಿಕೆಯಾಗಿ ಚಲನ್ ಕೈಗೆ ಬಂದ ಮರುದಿನವೇ ನಮ್ಮ ಶಾಖೆಯ ಮುಂದೆ ಅಪ್ಪ–ಅಮ್ಮಂದಿರು ನಿಂತಿರುತ್ತಿದ್ದರು. ‘ಮೇಡಂ, ಶುಕ್ರವಾರ ಕೊನೇ ದಿನ. ಲೋನ್ ಆಗುತ್ತಾ?’ ಹಾಸನ ಜಿಲ್ಲೆಯ ತಾಲ್ಲೂಕು ಕೇಂದ್ರವೊಂದರಲ್ಲಿ ಬ್ಯಾಂಕಿನ ಸಾಲ ವಿಭಾಗದಲ್ಲಿ ಕೂತು 19 ವರ್ಷ ಈ ಪ್ರಶ್ನೆ ಕೇಳಿಸಿಕೊಂಡಿದ್ದೇನೆ. ಶುಕ್ರವಾರದೊಳಗೆ ಆಗುತ್ತಿರಲಿಲ್ಲ. ಆಗ ಅವರು ಒಡವೆ ಅಡ ಇಡುತ್ತಿದ್ದರು, ಇಲ್ಲವೇ ಚೀಟಿಯನ್ನು ಸಿಕ್ಕಷ್ಟಕ್ಕೆ ಕೂಗಿ ಎತ್ತುತ್ತಿದ್ದರು. ಮೊದಲ ವರ್ಷದ ಫೀಸು ಹಾಗೂ ಹೀಗೂ ಕಟ್ಟಿ ಮುಗಿಯುತ್ತಿತ್ತು. ಮನೆ ಅಲ್ಲಾಡುತ್ತಿದ್ದುದು ಮೂರನೇ ವರ್ಷದಲ್ಲಿ.

ಫೀಸಿಗೆ ಹಣ ಹೊಂದಿಸುವ ಕೆಲಸವನ್ನು ಪಿಯುಸಿ ಎರಡನೇ ವರ್ಷದ ದಸರಾ ರಜೆಯಲ್ಲೇ ಶುರು ಮಾಡಿ.

ಹಂತ 1: ಪೂರ್ತಿ ಕೋರ್ಸಿನ ಲೆಕ್ಕ ಒಂದೇ ಹಾಳೆಯಲ್ಲಿ

ಎಂಜಿನಿಯರಿಂಗ್ ಆದರೆ ನಾಲ್ಕು ವರ್ಷ, ಪದವಿಯಾದರೆ ಮೂರು. ಅಷ್ಟೂ ವರ್ಷದ ಫೀಸು, ಹಾಸ್ಟೆಲ್ ಅಥವಾ ಪಿಜಿ, ಮೆಸ್, ಬಸ್ ಪಾಸ್, ಪರೀಕ್ಷಾ ಶುಲ್ಕ, ಲ್ಯಾಪ್‌ಟಾಪ್, ಹಬ್ಬಕ್ಕೆ ಊರಿಗೆ ಬಂದುಹೋಗುವ ಖರ್ಚು ಎಲ್ಲ ಬರೆಯಿರಿ. ಕೊನೆಯ ವರ್ಷದ ಪ್ರಾಜೆಕ್ಟ್ ಮತ್ತು ಇಂಟರ್ನ್‌ಶಿಪ್‌ಗೆ ಬೆಂಗಳೂರಿನಲ್ಲಿ ಉಳಿಯಬೇಕಾದೀತು. ಅದನ್ನು ಹೆಚ್ಚಿನವರು ಮರೆಯುತ್ತಾರೆ. ಮೊಬೈಲ್ ಆ್ಯಪ್ ಬೇಡ. ಉದ್ದ ನೋಟ್‌ಬುಕ್ಕಿನಲ್ಲೇ ಬರೆಯಿರಿ, ಮಗು ಪಕ್ಕದಲ್ಲಿ ಕೂತಿರಲಿ.

ಹಂತ 2: ಮುಟ್ಟಬಾರದ ದುಡ್ಡಿಗೆ ಗೆರೆ ಎಳೆಯಿರಿ

ಮನೆ ಸಾಲದ ಕಂತು, ಆರೋಗ್ಯ ವಿಮೆಯ ಪ್ರೀಮಿಯಂ, ಮೂರು ತಿಂಗಳ ದಿನಸಿ ಮತ್ತು ಔಷಧಿ ಖರ್ಚು. ಇವಿಷ್ಟಕ್ಕೆ ಕೈ ಹಾಕಬೇಡಿ. ಫೀಸಿನ ವರ್ಷ ಆರೋಗ್ಯ ವಿಮೆ ನವೀಕರಿಸದೆ ಬಿಟ್ಟು, ಅದೇ ವರ್ಷ ಅಜ್ಜನ ಆಪರೇಷನ್ನಿಗೆ ಸಾಲ ಮಾಡಿದ ಮನೆಗಳನ್ನು ನಾನು ಕಂಡಿದ್ದೇನೆ.

ಹಂತ 3: ತೀರಿಸಬೇಕಿಲ್ಲದ ಹಣ ಮೊದಲು

ಸಾಲಕ್ಕೆ ಮೊದಲು ವಿದ್ಯಾರ್ಥಿವೇತನ. ನಾಡಕಚೇರಿಯಲ್ಲಿ ಜಾತಿ–ಆದಾಯ ಪ್ರಮಾಣಪತ್ರ ಮಾಡಿಸಿ, ಹಳೆಯದಿದ್ದರೆ ಅವಧಿ ಮುಗಿದಿಲ್ಲವೇ ನೋಡಿ. ಸಿಇಟಿ ಅರ್ಜಿ ತುಂಬುವಾಗ ‘ಎಸ್‌ಎನ್‌ಕ್ಯೂ’, ಅಂದರೆ ಹೆಚ್ಚುವರಿ ಸೀಟುಗಳ (ಸೂಪರ್‌ನ್ಯೂಮರರಿ) ಕೋಟಾವನ್ನು ಬಿಡಬೇಡಿ. ವಾರ್ಷಿಕ ಆದಾಯ 8 ಲಕ್ಷ ರೂಪಾಯಿ ಮೀರದ ಮನೆಯ ಮಕ್ಕಳಿಗೆ ಈ ಸೀಟಿನಲ್ಲಿ ಬೋಧನಾ ಶುಲ್ಕ ಮಾಫಿಯಾಗುತ್ತದೆ. ಆ ಕಾಲಂ ಖಾಲಿ ಬಿಟ್ಟು ಆಮೇಲೆ ಪೇಚಾಡುವವರು ಪ್ರತಿ ವರ್ಷವೂ ಇದ್ದಾರೆ.

ರಾಜ್ಯ ವಿದ್ಯಾರ್ಥಿವೇತನ ಪೋರ್ಟಲ್, ಅಂದರೆ ಎಸ್‌ಎಸ್‌ಪಿಯಲ್ಲಿ ಅರ್ಜಿ ಹಾಕುವುದು ಕಷ್ಟವಲ್ಲ, ದುಡ್ಡು ಬಂದು ಸೇರುವುದು ಕಷ್ಟ. ಹಣ ಹೋಗುವುದು ಆಧಾರ್ ಜೋಡಣೆಯಾದ ಖಾತೆಗೆ. ಖಾತೆ ತೆರೆಯುವಾಗ ಆಧಾರ್ ಜೆರಾಕ್ಸ್ ಕೊಟ್ಟಿದ್ದೆವು ಎಂದರೆ ಅದು ಜೋಡಣೆಯಲ್ಲ. ಆಧಾರ್ ಸಂಖ್ಯೆಗೆ ಯಾವ ಖಾತೆ ಎಂದು ರಾಷ್ಟ್ರೀಯ ಪಾವತಿ ನಿಗಮದಲ್ಲಿ (ಎನ್‌ಪಿಸಿಐ) ದಾಖಲಾಗಿರಬೇಕು. ‘ಎನ್‌ಪಿಸಿಐ ಮ್ಯಾಪಿಂಗ್ ಆಗಿದೆಯಾ?’ ಎಂದು ಶಾಖೆಯಲ್ಲಿ ಇದೇ ಮಾತಿನಲ್ಲಿ ಕೇಳಿ. ಮಗುವಿಗೆ ಎರಡು ಖಾತೆ ಇದ್ದರೆ, ಕೊನೆಯದಾಗಿ ಮ್ಯಾಪ್ ಆದ ಖಾತೆಗೆ ಹಣ ಹೋಗುತ್ತದೆ. ಎಷ್ಟೋ ಮಕ್ಕಳು ಬೇರೆ ಪಾಸ್‌ಬುಕ್ ಹಿಡಿದು ಕಾಯುತ್ತಿರುತ್ತಾರೆ. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಇನಿಷಿಯಲ್ ಹೆಸರಿನ ಹಿಂದೆ, ಆಧಾರ್‌ನಲ್ಲಿ ಮುಂದೆ ಇದ್ದರೆ ಈಗಲೇ ಸರಿಪಡಿಸಿ.

ಹಂತ 4: ಉಳಿತಾಯದಲ್ಲಿ ಯಾವುದನ್ನು ಮೊದಲು ಮುರಿಯಬೇಕು?

ಆರ್‌ಡಿ, ಎಫ್‌ಡಿ ಮೊದಲು. ಹೆಣ್ಣುಮಗುವಿನ ಸುಕನ್ಯಾ ಸಮೃದ್ಧಿ ಖಾತೆ ಇದ್ದರೆ, ಆಕೆಗೆ 18 ತುಂಬಿದ ಮೇಲೆ ಅಥವಾ ಹತ್ತನೇ ತರಗತಿ ಪಾಸಾದ ಮೇಲೆ ಓದಿನ ಖರ್ಚಿಗೆ ಹಿಂದಿನ ಹಣಕಾಸು ವರ್ಷದ ಕೊನೆಯ ಶಿಲ್ಕಿನ ಅರ್ಧದವರೆಗೆ ತೆಗೆಯಬಹುದು. ನಿಮ್ಮ ಪಿಎಫ್ ಮುಟ್ಟಬೇಡಿ. ಮಗುವಿಗೆ ಓದಲು ಸಾಲ ಸಿಗುತ್ತದೆ, ನಿಮ್ಮ ಮುಪ್ಪಿಗೆ ಯಾರೂ ಸಾಲ ಕೊಡುವುದಿಲ್ಲ.

‘ಮಕ್ಕಳ ಭವಿಷ್ಯ’ ಎಂಬ ಹೆಸರಿನಲ್ಲಿ ಏಜೆಂಟರು ಮಾರುವ ವಿಮೆ–ಉಳಿತಾಯ ಬೆರಕೆಯ ಪಾಲಿಸಿಗಳನ್ನು ಕೊಳ್ಳಲೇಬೇಡಿ. ವಿಮೆ ಬೇಕಿದ್ದರೆ ದುಡಿಯುವವರ ಹೆಸರಿನಲ್ಲಿ ಟರ್ಮ್ ವಿಮೆ (ಉಳಿತಾಯ ಬೆರೆಸದ, ಬರೀ ಜೀವ ವಿಮೆ) ಮಾಡಿಸಿ. ಉಳಿತಾಯ ಬೇರೆ ಇರಲಿ. ಫೀಸಿಗೆಂದು ಇಂಥ ಪಾಲಿಸಿಯನ್ನು ಅವಧಿಗೆ ಮುಂಚೆ ಒಪ್ಪಿಸಲು ಹೋಗಿ, ಕಟ್ಟಿದಷ್ಟೂ ಕೈಗೆ ಬಾರದೆ ಕಣ್ಣೀರು ಹಾಕಿದ ತಾಯಂದಿರಿಗೆ ನಾನೇ ನೀರು ಕೊಟ್ಟಿದ್ದೇನೆ. ಇನ್ನು ಒಡವೆ ಸಾಲ: ಎರಡು–ಮೂರು ತಿಂಗಳ ಅಂತರ ದಾಟಲು ಸರಿ, ನಾಲ್ಕು ವರ್ಷದ ಓದಿಗಲ್ಲ.

ಹಂತ 5: ಶಿಕ್ಷಣ ಸಾಲ. ಎಡವುವುದು ಇಲ್ಲೇ

ಸೀಟು ಸಿಗುವ ಮುನ್ನವೇ ಶಾಖೆಗೆ ಹೋಗಿ ಕಾಗದಗಳ ಪಟ್ಟಿ ತನ್ನಿ. ಬ್ಯಾಂಕುಗಳ ಮಾದರಿ ಯೋಜನೆ ಹೀಗಿದೆ: ದೇಶದೊಳಗಿನ ಓದಿಗೆ 4 ಲಕ್ಷದವರೆಗಿನ ಸಾಲಕ್ಕೆ ನಿಮ್ಮ ಕೈಯಿಂದ ಏನೂ ಹಾಕಬೇಕಿಲ್ಲ, ಅದಕ್ಕೂ ಮೇಲೆ ಖರ್ಚಿನ ಶೇ 5ನ್ನು ನೀವು ಭರಿಸಬೇಕು. 7.5 ಲಕ್ಷದವರೆಗೆ ಕೇಂದ್ರದ ಸಾಲ ಖಾತರಿ ನಿಧಿ ಇದೆ. ಅದರಡಿ ಕೊಡುವ ಸಾಲಕ್ಕೆ ಆಸ್ತಿ ಅಡಮಾನವನ್ನಾಗಲಿ ಜಾಮೀನುದಾರರನ್ನಾಗಲಿ ಕೇಳುವಂತಿಲ್ಲ. ಕೇಳಿದರೆ ಯಾವ ನಿಯಮದಡಿ ಎಂದು ಬರಹದಲ್ಲಿ ಕೇಳಿ.

ಸಾಲ ಮಗುವಿನ ಹೆಸರಿನಲ್ಲಿರುತ್ತದೆ, ನೀವು ಸಹ ಸಾಲಗಾರರು. ಕಂತು ತಪ್ಪಿದರೆ ಇಬ್ಬರ ಸಿಬಿಲ್ ಅಂಕವೂ (ಸಾಲ ತೀರಿಸುವ ನಡತೆಗೆ ಕೊಡುವ ಅಂಕ) ಬೀಳುತ್ತದೆ. ಇದನ್ನು ಮಗುವಿಗೆ ಸಹಿ ಹಾಕುವ ಮೊದಲೇ ಹೇಳಿ.

ಈಗ ಮುಖ್ಯ ಮಾತು. ಓದು ಮುಗಿದು ಒಂದು ವರ್ಷದವರೆಗೆ ಕಂತು ಕಟ್ಟಬೇಕಿಲ್ಲ ಎಂಬುದನ್ನು ಬಹುತೇಕರು ಬಡ್ಡಿಯೂ ಇಲ್ಲ ಎಂದು ತಿಳಿಯುತ್ತಾರೆ. ಬ್ಯಾಂಕು ಸಾಲದ ಮೊದಲ ಭಾಗ ಬಿಡುಗಡೆ ಮಾಡಿದ ದಿನದಿಂದಲೇ ಬಡ್ಡಿ ಓಡುತ್ತಿರುತ್ತದೆ. ಒಮ್ಮೆ ಒಬ್ಬ ತಂದೆ, ಮಗಳಿಗೆ ಕೆಲಸ ಸಿಕ್ಕ ಸಂತೋಷಕ್ಕೆ ಸಿಹಿ ಡಬ್ಬಿ ಹಿಡಿದು ಬಂದವರು, ಸ್ಟೇಟ್‌ಮೆಂಟ್ ನೋಡಿ ‘ನಾವು ತಗೊಂಡಿದ್ದು ಇಷ್ಟಲ್ವಲ್ಲ ಮೇಡಂ’ ಎಂದು ಕುರ್ಚಿಯಲ್ಲಿ ಕೂತುಬಿಟ್ಟರು. ಲೆಕ್ಕದಲ್ಲಿ ತಪ್ಪಿರಲಿಲ್ಲ. ಐದು ವರ್ಷದ ಹಿಂದೆ ಇದನ್ನು ಅವರಿಗೆ ಯಾರೂ ಬಿಡಿಸಿ ಹೇಳಿರಲಿಲ್ಲ.

ಬಿಡಿಸಿ ಹೇಳುತ್ತೇನೆ. ವರ್ಷಕ್ಕೆ ಒಂದೂವರೆ ಲಕ್ಷದಂತೆ ನಾಲ್ಕು ವರ್ಷಕ್ಕೆ 6 ಲಕ್ಷ ಸಾಲ. ಲೆಕ್ಕ ಸುಲಭವಾಗಲೆಂದು ಬಡ್ಡಿ ಶೇ 10 ಇಟ್ಟುಕೊಳ್ಳೋಣ. ಈ ಅವಧಿಗೆ ಹಾಕುವುದು ಸರಳ ಬಡ್ಡಿ. ಮೊದಲ ವರ್ಷ 15,000, ಎರಡನೇ ವರ್ಷ 30,000, ಮೂರನೇ ವರ್ಷ 45,000, ನಾಲ್ಕನೇ ವರ್ಷ 60,000, ಓದು ಮುಗಿದ ನಂತರದ ಕಾಯುವ ವರ್ಷಕ್ಕೆ ಮತ್ತೆ 60,000. ಒಟ್ಟು 2,10,000 ರೂಪಾಯಿ. ಕಟ್ಟದೆ ಬಿಟ್ಟರೆ ಇದು ಅಸಲಿಗೆ ಸೇರಿ, ಕಂತು ಶುರುವಾಗುವ ದಿನ ಸಾಲ 8,10,000 ಆಗಿರುತ್ತದೆ. ಹತ್ತು ವರ್ಷದ ಅವಧಿಗೆ ತಿಂಗಳ ಕಂತು ಸುಮಾರು 10,700. ಬಡ್ಡಿಯನ್ನು ಆಗಾಗಲೇ ಕಟ್ಟುತ್ತಾ ಬಂದಿದ್ದರೆ ಸುಮಾರು 7,930. ತಿಂಗಳಿಗೆ 2,775ರ ವ್ಯತ್ಯಾಸ. ಹತ್ತು ವರ್ಷಕ್ಕೆ 3,33,000. ಅಂದು ಉಳಿಸಿಕೊಂಡ 2,10,000ಕ್ಕೆ ತೆರುವ ಬೆಲೆ ಇದು.

ಹಾಗಾದರೆ ತಿಂಗಳಿಗೆ ಎಷ್ಟು ಕಟ್ಟಬೇಕು? ಮೊದಲ ವರ್ಷ 1,250 ರೂಪಾಯಿ. ಎರಡನೇ ವರ್ಷ 2,500. ಮೂರನೇ ವರ್ಷ 3,750. ಆಮೇಲೆ 5,000. ಮೊದಲ ವರ್ಷದ ಮೊತ್ತವನ್ನು ಸಾಮಾನ್ಯ ಸಂಬಳದ ಮನೆಯೂ ಹೊಂದಿಸಬಲ್ಲದು. ನನ್ನ ಸಲಹೆ: ಮೊದಲ ವರ್ಷದಿಂದಲೇ 2,500 ತೆಗೆದಿಡಿ, 1,250 ಬಡ್ಡಿಗೆ ಹೋಗಲಿ, ಉಳಿದದ್ದು ಆರ್‌ಡಿಗೆ. ಹಾಗೆ ಮಾಡಿದರೆ ಮೂರನೇ ವರ್ಷದ ಏರಿಕೆ ಮೈಮೇಲೆ ಬೀಳುವುದಿಲ್ಲ. ಪೂರ್ತಿ ಬಡ್ಡಿ ಕಟ್ಟಲಾಗದ ತಿಂಗಳು ಆದಷ್ಟು ಕಟ್ಟಿ. ಸಾಲದ ಖಾತೆಗೇ ನೇರವಾಗಿ ಜಮೆ ಮಾಡಿ, ರಸೀದಿ ಇಟ್ಟುಕೊಳ್ಳಿ. ಓದಿನ ಅವಧಿಯಲ್ಲೇ ಬಡ್ಡಿ ಕಟ್ಟುವವರಿಗೆ ದರದಲ್ಲಿ ಶೇ 1ರವರೆಗೆ ರಿಯಾಯಿತಿ ಕೊಡಲು ಮಾದರಿ ಯೋಜನೆಯಲ್ಲೇ ಅವಕಾಶವಿದೆ. ನಿಮ್ಮ ಬ್ಯಾಂಕು ಕೊಡುತ್ತದೆಯೇ ಎಂದು ಮಂಜೂರಾತಿ ಪತ್ರ ಬರುವ ಮುನ್ನ ಕೇಳಿ.

ಬಡ್ಡಿಯನ್ನು ಸರ್ಕಾರವೇ ಭರಿಸುವ ಅವಕಾಶವೂ ಇದೆ. ಕುಟುಂಬದ ಆದಾಯ 4.5 ಲಕ್ಷದೊಳಗಿದ್ದು, ಮಾನ್ಯತೆ ಪಡೆದ ಸಂಸ್ಥೆಯಲ್ಲಿ ವೃತ್ತಿಪರ ಕೋರ್ಸ್ ಓದುವವರಿಗೆ ಓದಿನ ಅವಧಿಯ ಬಡ್ಡಿಗೆ ಕೇಂದ್ರದ ಸಹಾಯಧನ ಸಿಗುತ್ತದೆ. 2024ರ ನವೆಂಬರ್‌ನಲ್ಲಿ ಒಪ್ಪಿಗೆಯಾದ ಕೇಂದ್ರದ ಪಿಎಂ ವಿದ್ಯಾಲಕ್ಷ್ಮಿ ಯೋಜನೆಯಲ್ಲಿ 8 ಲಕ್ಷದವರೆಗಿನ ಆದಾಯದವರಿಗೆ, 10 ಲಕ್ಷದವರೆಗಿನ ಸಾಲದ ಬಡ್ಡಿಯಲ್ಲಿ ಶೇ 3ರ ರಿಯಾಯಿತಿ ಇದೆ. ಆದರೆ ಪಟ್ಟಿಯಲ್ಲಿರುವ ಸಂಸ್ಥೆಗಳಲ್ಲಿ ಅರ್ಹತೆಯ ಮೇಲೆ ಸೇರಿದವರಿಗೆ ಮಾತ್ರ. ಕಾಲೇಜಿನ ಹೆಸರು ಪಟ್ಟಿಯಲ್ಲಿದೆಯೇ ಎಂದು ಆಪ್ಷನ್ ಎಂಟ್ರಿಗೆ (ಸಿಇಟಿಯಲ್ಲಿ ಬೇಕಾದ ಕಾಲೇಜು–ಕೋರ್ಸ್ ನಮೂದಿಸುವುದಕ್ಕೆ) ಮುಂಚೆ ನೋಡಿ.

ಸಾಲದ ಜೊತೆ ದೊಡ್ಡ ಪ್ರೀಮಿಯಂನ ವಿಮೆ ಅಂಟಿಸಲು ಬಂದರೆ ಅದರ ಮೊತ್ತ ಸಾಲಕ್ಕೇ ಸೇರುತ್ತದೆಯೇ ಎಂದು ಕೇಳಿ. ಸೇರುವುದಾದರೆ ಅದಕ್ಕೂ ಬಡ್ಡಿ ನಿಮ್ಮದೇ. ವೈಯಕ್ತಿಕ ಸಾಲ ‘ಹತ್ತು ನಿಮಿಷದಲ್ಲಿ’ ಬರುತ್ತದೆ. ಅದರ ಬಡ್ಡಿ ದುಬಾರಿ, ಕಂತು ಮುಂದಿನ ತಿಂಗಳಿಂದಲೇ ಶುರು. ಬೇಡ.

ರಸೀದಿ ಕೊಡದೆ ನಗದು ಕೇಳುವ ಕಾಲೇಜಿಗೆ ಒಂದು ರೂಪಾಯಿಯೂ ಕೊಡಬೇಡಿ. ನಿಗದಿತ ಫೀಸಿನ ಮೇಲೆ ಸೀಟಿಗಾಗಿ ಕೇಳುವ ಹಣವನ್ನು, ಅಂದರೆ ಕ್ಯಾಪಿಟೇಷನ್ ಶುಲ್ಕವನ್ನು ನಮ್ಮ ರಾಜ್ಯ 1984ರಲ್ಲೇ ಕಾನೂನು ಮಾಡಿ ನಿಷೇಧಿಸಿದೆ. ಆ ದುಡ್ಡಿಗೆ ಬ್ಯಾಂಕ್ ಸಾಲವೂ ಸಿಗುವುದಿಲ್ಲ.

ಹಂತ 6: ಪ್ರತಿ ಜೂನ್‌ನಲ್ಲಿ ಒಮ್ಮೆ

ಬ್ಯಾಂಕು ಸಾಲದ ಮುಂದಿನ ಭಾಗ ಬಿಡುಗಡೆ ಮಾಡಲು ಅಂಕಪಟ್ಟಿ ಮತ್ತು ಹೊಸ ವರ್ಷದ ಫೀಸಿನ ಪತ್ರ ಬೇಕು. ಕೊನೇ ದಿನಕ್ಕೆ ಮೂರು ವಾರ ಇರುವಾಗಲೇ ಕೊಡಿ. ಸಾಲದ ಸ್ಟೇಟ್‌ಮೆಂಟ್ ತಂದು ನೋಟ್‌ಬುಕ್ಕಿಗೆ ಹಚ್ಚಿ. ಹಳೆ ತೆರಿಗೆ ಪದ್ಧತಿಯಲ್ಲಿರುವವರು ಬಡ್ಡಿ ಪ್ರಮಾಣಪತ್ರವನ್ನೂ ಪಡೆಯಿರಿ. ಕಟ್ಟಿದ ಬಡ್ಡಿಗೆ ಎಂಟು ವರ್ಷದವರೆಗೆ ಮಿತಿಯಿಲ್ಲದ ವಿನಾಯಿತಿ ಇದೆ.

ವಿಷಯ ಬಾಕಿ ಉಳಿದು ಕೋರ್ಸ್ ತಡವಾದರೆ ಅದನ್ನು ಬ್ಯಾಂಕಿನಿಂದ ಮುಚ್ಚಿಡಬೇಡಿ. ಗರಿಷ್ಠ ಎರಡು ವರ್ಷದವರೆಗೆ ಅವಧಿ ವಿಸ್ತರಿಸಲು ಅವಕಾಶವಿದೆ, ಆದರೆ ಕಂತು ಶುರುವಾಗುವ ಮುನ್ನ ಅರ್ಜಿ ಶಾಖೆಯಲ್ಲಿರಬೇಕು. ಕಾಲೇಜಿನಿಂದ ಪತ್ರ ಬರೆಸಿ ಮಗುವನ್ನೇ ಕಳಿಸಿ, ಅದು ಅವರ ಹೆಸರಿನ ಸಾಲ.