ಮೂರು ಸಾಲು, ಹನ್ನೊಂದು ತುಂಡು: ಮನೆಗೆಲಸದ ನಡುವೆ ತ್ರಿಪದಿ ಕಟ್ಟುವುದು ಹೇಗೆ?

ನಮ್ಮ ಮನೆಯಲ್ಲಿ ಕವಿತೆಯ ಜಾಗ ಚಪಾತಿ ಮಣೆಯ ಎದುರಿನ ಗೋಡೆ. ಅಲ್ಲೊಂದು ಚೀಟಿ ಅಂಟಿಸಿರುತ್ತೇನೆ. ಅದರಲ್ಲಿ ಮೂರೇ ಸಾಲು. ಹದಿನೈದು ಚಪಾತಿ ಲಟ್ಟಿಸಿ ಮುಗಿಸುವಷ್ಟರಲ್ಲಿ ಆ ಮೂರು ಸಾಲು ಹತ್ತಾರು ಸಲ ಬಾಯಿಗೆ ಬಂದು ಹೋಗಿರುತ್ತದೆ. ವಾರ ಕಳೆಯುವ ಹೊತ್ತಿಗೆ ಚೀಟಿ ಎಣ್ಣೆ ಕುಡಿದು ಓದಲಾಗದಂತೆ ಆಗುತ್ತದೆ. ಅಷ್ಟರಲ್ಲಿ ಚೀಟಿ ನೋಡುವ ಅಗತ್ಯವೂ ಇರುವುದಿಲ್ಲ.

‘ಕವಿತೆ ಇಷ್ಟ, ಆದ್ರೆ ಟೈಮೇ ಸಿಗಲ್ಲ’ ಎನ್ನುವವರಿಗೆ ನಾನು ಹೇಳುವುದು ಒಂದೇ. ತ್ರಿಪದಿ ಹಿಡಿಯಿರಿ. ಯಾಕೆಂದರೆ ಅದನ್ನು ಉಳಿಸಿ ಬೆಳೆಸಿದವರಿಗೂ ಟೈಮ್ ಇರಲಿಲ್ಲ. ಬೆಳಗಿನ ಜಾವ ಎದ್ದು ಬೀಸುವ ಕಲ್ಲಿನ ಮುಂದೆ ಕೂರುತ್ತಿದ್ದ ಹೆಂಗಸರು ಅವರು. ಒಂದು ಕೈ ಗೂಟದ ಮೇಲೆ, ಇನ್ನೊಂದು ಕೈ ಕಾಳಿನ ಮೇಲೆ. ಬಿಡುವಾಗಿದ್ದದ್ದು ಬಾಯಿ ಮಾತ್ರ. ಕಲ್ಲು ಸುತ್ತುವ ಲಯಕ್ಕೆ ತವರು, ಗಂಡ, ಕೂಸು, ಮಳೆ, ಅತ್ತೆಯ ಬೈಗುಳ ಎಲ್ಲ ಮೂರು ಸಾಲಾಗಿ ಹೊರಬರುತ್ತಿತ್ತು.

ಈ ಮೂರು ಸಾಲಿನ ವಯಸ್ಸು ಕಮ್ಮಿಯಲ್ಲ. ಬಾದಾಮಿಯ ತಟ್ಟುಕೋಟೆ ಬಂಡೆಯ ಮೇಲೆ ಕಪ್ಪೆ ಅರಭಟ್ಟನ ಶಾಸನವಿದೆ, ಸುಮಾರು ಕ್ರಿ.ಶ. 700ರದ್ದು. ಅದರಲ್ಲಿ ತ್ರಿಪದಿಗಳಿವೆ. ಅಂದರೆ 1300 ವರ್ಷದಿಂದ ಕನ್ನಡದ ಬಾಯಲ್ಲಿ ಇದು ಓಡಾಡಿಕೊಂಡಿದೆ. ಸರ್ವಜ್ಞ ಹೇಳಿದ್ದೆಲ್ಲ ಇದೇ ಅಳತೆಯಲ್ಲಿ.

ಮೊದಲ ವಾರ: ಬರೆಯಬೇಡಿ, ಬರೀ ಬಾಯಿಗೆ ಹಾಕಿಕೊಳ್ಳಿ

ದಿನಾ ಮಾಡುವ, ಕೈಗೆ ಲಯವಿರುವ ಒಂದು ಕೆಲಸ ಆರಿಸಿಕೊಳ್ಳಿ. ಚಪಾತಿ ಲಟ್ಟಿಸುವುದು, ಬಟ್ಟೆ ಮಡಚುವುದು, ಕಾಯಿ ತುರಿಯುವುದು, ಬೆಳಗಿನ ವಾಕಿಂಗ್ ಯಾವುದಾದರೂ ಸರಿ. ಮಿಕ್ಸಿ ಬೇಡ. ಅದು ನಮ್ಮ ದನಿಯನ್ನೇ ತಿಂದುಹಾಕುತ್ತದೆ.

ತ್ರಿಪದಿ ಎಲ್ಲಿಂದ ತರುವುದು? ಗರತಿಯ ಹಾಡು ಎಂಬ ಸಂಗ್ರಹ 1931ರಲ್ಲಿ ಬಂತು. ಈಗಿನ ವಿಜಯಪುರ ಜಿಲ್ಲೆಯ ಹಲಸಂಗಿಯ ಗೆಳೆಯರು ಸೇರಿ ಹೆಂಗಸರ ಬಾಯಿಂದ ಕೇಳಿ ಬರೆದುಕೊಂಡದ್ದು. ಊರಿನ ಗ್ರಂಥಾಲಯದಲ್ಲಿ ಜಾನಪದದ ಕಪಾಟು ಎಲ್ಲಿದೆ ಎಂದು ಕೇಳಿ ನೋಡಿ. ಗ್ರಾಮ ಪಂಚಾಯಿತಿ ಗ್ರಂಥಾಲಯಗಳಿಗೆ ಈಗ ‘ಅರಿವು ಕೇಂದ್ರ’ ಎಂದು ಹೆಸರು, ಅಲ್ಲೂ ವಿಚಾರಿಸಬಹುದು.

ಅದಕ್ಕಿಂತ ಒಳ್ಳೆಯ ಮೂಲ ಮನೆಯ ಹಿರಿಯರು. ಆದರೆ ಕೇಳುವ ಬಗೆ ಗೊತ್ತಿರಬೇಕು. ನಾನು ದೊಡ್ಡಮ್ಮನ ಮುಂದೆ ಫೋನ್ ಹಿಡಿದು ‘ಒಂದು ಹಾಡು ಹೇಳಿ ದೊಡ್ಡಮ್ಮ’ ಎಂದೆ. ‘ಎಲ್ಲ ಮರ್ತೋಗಿದೆ ಮಾರಾಯ್ತಿ’ ಎಂದರು. ಎರಡು ದಿನ ಬಿಟ್ಟು ಅವರೆಕಾಯಿ ಬುಟ್ಟಿ ಮುಂದಿಟ್ಟು, ನಾನೂ ಸುಲಿಯುತ್ತ ಕೂತೆ. ಅರ್ಧ ಬುಟ್ಟಿ ಖಾಲಿಯಾಗುವಷ್ಟರಲ್ಲಿ ಏಳು ಹಾಡು ಬಂತು! ನೆನಪು ಇದ್ದದ್ದು ಕೈಯಲ್ಲಿ ಅಂತ ಕಾಣುತ್ತದೆ.

ಓದುವಾಗ ದನಿ ತೆಗೆದೇ ಓದಿ. ರಾಗ ಯಾವುದಾದರೂ ಆಗಲಿ. ಎರಡನೇ ಸಾಲನ್ನು ಇನ್ನೊಮ್ಮೆ ಹೇಳಿ ಮೂರನೆಯದಕ್ಕೆ ಇಳಿಯುವ ರೂಢಿಯಿದೆ, ಹಾಗೆ ಮಾಡಿ ನೋಡಿ. ಅರ್ಥವಾಗದ ಪದ ಸಿಕ್ಕರೆ ನಿಲ್ಲಬೇಡಿ, ಆಮೇಲೆ ನೋಡಿದರಾಯಿತು.

ಎರಡನೇ ವಾರ: ಕ್ಯಾಲೆಂಡರಿನಲ್ಲಿ ಒಂದೊಂದು ಸಾಲು

ಬರೆಯಬೇಕು ಎಂದುಕೊಂಡ ತಕ್ಷಣ ನಾವೆಲ್ಲ ಚೆಂದದ ನೋಟ್‌ಬುಕ್ ಕೊಳ್ಳುತ್ತೇವೆ. ನನ್ನ ಹತ್ತಿರ ಅಂಥವು ನಾಲ್ಕಿವೆ, ನಾಲ್ಕರಲ್ಲೂ ಮೊದಲ ಪುಟ ಮಾತ್ರ ತುಂಬಿದೆ. ಹಾಲಿನ ಲೆಕ್ಕ ಬರೆಯುವ ಗೋಡೆ ಕ್ಯಾಲೆಂಡರ್ ಸಾಕು. ಆ ದಿನದ ಚೌಕದಲ್ಲಿ ನಡೆದದ್ದೊಂದನ್ನು ನಾಲ್ಕೈದು ಪದದಲ್ಲಿ ಬರೆಯಿರಿ. ‘ಬೇಸರವಾಯಿತು’, ‘ಖುಷಿಯಾಯಿತು’ ಬೇಡ. ‘ಗ್ಯಾಸ್ ಮುಗಿಯಿತು, ಪಕ್ಕದ ಮನೆ ಒಲೆಯಲ್ಲಿ ಸಾರು’ ಎಂದು ಬರೆಯಿರಿ. ಕಣ್ಣಿಗೆ ಕಂಡದ್ದು, ಕಿವಿಗೆ ಬಿದ್ದದ್ದು ಮಾತ್ರ.

ಮೂರನೇ ವಾರ: ಅಳತೆ ಕಲಿಯಿರಿ

ಇಲ್ಲಿ ಸ್ವಲ್ಪ ನಿಧಾನ ಮಾಡೋಣ. ಜಾಸ್ತಿ ಜನ ಕೈಬಿಡುವುದು ಇಲ್ಲೇ.

ತ್ರಿಪದಿಯಲ್ಲಿ ಒಟ್ಟು ಹನ್ನೊಂದು ತುಂಡು. ಮೊದಲ ಸಾಲಿಗೆ ನಾಲ್ಕು, ಎರಡನೆಯದಕ್ಕೆ ನಾಲ್ಕು, ಮೂರನೆಯದಕ್ಕೆ ಮೂರು. ಆರನೆಯ ಮತ್ತು ಹತ್ತನೆಯ ತುಂಡು ಚಿಕ್ಕವು, ಉಳಿದವು ದೊಡ್ಡವು. ಛಂದಸ್ಸು ಬಲ್ಲವರು ದೊಡ್ಡದನ್ನು ವಿಷ್ಣುಗಣ, ಚಿಕ್ಕದನ್ನು ಬ್ರಹ್ಮಗಣ ಎನ್ನುತ್ತಾರೆ. ಅವು ಅಂಶಗಣಗಳು, ಮೂಲ ಲೆಕ್ಕ ಸ್ವಲ್ಪ ಬೇರೆ. ಹೊಸಬರಿಗೆ ಈ ಸುಲಭದ ಲೆಕ್ಕ ಸಾಕು: ದೊಡ್ಡ ತುಂಡಿಗೆ 5 ಮಾತ್ರೆ, ಚಿಕ್ಕದಕ್ಕೆ 3.

ಮಾತ್ರೆ ಎಣಿಸುವುದನ್ನು ಶಾಲೆಯಲ್ಲಿ ಕಲಿತಿದ್ದೇವೆ. ಹ್ರಸ್ವಕ್ಕೆ 1, ದೀರ್ಘಕ್ಕೆ 2. ಒತ್ತಕ್ಷರದ ಹಿಂದಿನ ಅಕ್ಷರಕ್ಕೆ 2, ಸೊನ್ನೆ ಇರುವ ಅಕ್ಷರಕ್ಕೂ 2. ‘ಹಪ್ಪಳವ’ ಎಂದರೆ 2, 1, 1, 1, ಒಟ್ಟು 5. ಬೆರಳು ಮಡಚಿ ಎಣಿಸಿ, ನಾಚಿಕೆ ಬೇಡ.

ಇನ್ನೊಂದು ನಿಯಮ ಪ್ರಾಸದ್ದು. ಸಿನಿಮಾ ಹಾಡಿನ ಹಾಗೆ ಇದು ಸಾಲಿನ ಕೊನೆಯಲ್ಲಿ ಬರುವುದಿಲ್ಲ. ಪ್ರತಿ ಸಾಲಿನ ಎರಡನೇ ಅಕ್ಷರ ಹೊಂದಬೇಕು. ಅದರ ಹಿಂದಿನ ಅಕ್ಷರ ಹ್ರಸ್ವವಾದರೆ ಎಲ್ಲ ಸಾಲಲ್ಲೂ ಹ್ರಸ್ವ, ದೀರ್ಘವಾದರೆ ದೀರ್ಘ. ನಮ್ಮ ಹಳಬರು ಇದಕ್ಕೆ ಪ್ರಾಣಿಗಳ ಹೆಸರಿಟ್ಟಿದ್ದಾರೆ. ಹಿಂದೆ ಹ್ರಸ್ವವಿದ್ದರೆ ಸಿಂಹಪ್ರಾಸ, ದೀರ್ಘವಿದ್ದರೆ ಗಜಪ್ರಾಸ, ಸೊನ್ನೆ ಬಂದರೆ ವೃಷಭ, ‘ಪ್ಪ’, ‘ಲ್ಲ’ ಥರ ಅದೇ ಅಕ್ಷರದ ಒತ್ತು ಬಂದರೆ ಹಯ. ಮಕ್ಕಳಿಗೆ ಹೇಳಿಕೊಟ್ಟರೆ ಬಸ್ಸಿನಲ್ಲಿ ಅಂಗಡಿ ಬೋರ್ಡ್ ಓದುತ್ತ ಆನೆ, ಕುದುರೆ ಹುಡುಕುತ್ತ ಕೂರುತ್ತಾರೆ.

ನಾಲ್ಕನೇ ವಾರ: ಒಂದು ಕಟ್ಟೋಣ

ನನ್ನ ಕ್ಯಾಲೆಂಡರಿನ ಒಂದು ಚೌಕದಲ್ಲಿ ಹೀಗಿತ್ತು: ‘ಹಪ್ಪಳ ಒಣಹಾಕಿದೆ. ಮಳೆ. ಅಪ್ಪಯ್ಯ ಕೊಡೆ ಹಿಡಿದು ಓಡಿದರು.’

ಮೊದಲು ಬರೆದದ್ದು ‘ಹಪ್ಪಳ ಬಿಸಿಲಿಗೆ ಹರಡಿದೆ’ ಎಂದು. ಎಣಿಸಿದರೆ ಎಲ್ಲವೂ 4, 4, 4. ಒಂದೊಂದು ಮಾತ್ರೆ ಸಾಲ ಬೇಕಿತ್ತು. ಜನಪದ ಹಾಡಿನಲ್ಲಿ ಇದಕ್ಕೆ ಉಪಾಯವಿದೆ, ಎಳೆದುಬಿಡುವುದು. ಹಪ್ಪಳ ‘ಹಪ್ಪಳವ’ ಆಯಿತು, ಬಿಸಿಲಿಗೆ ‘ಬಿಸಿಲೀಗೆ’ ಆಯಿತು. ಕಾಗದದ ಮೇಲೆ ತಪ್ಪಾಗಿ ಕಾಣುತ್ತದೆ, ಬಾಯಲ್ಲಿ ಸರಿಹೋಗುತ್ತದೆ.

ಎರಡನೇ ಸಾಲು ‘ಮಳೆ ಬಂತು’ ಎಂದು ಶುರುವಾಗುವಂತಿರಲಿಲ್ಲ. ಎರಡನೇ ಅಕ್ಷರ ‘ಪ್ಪ’ ಬೇಕಲ್ಲ! ಹಾಗಾಗಿ ಪಟ್ಟಿ ಮಾಡಿದೆ: ಉಪ್ಪು, ತುಪ್ಪ, ಸೊಪ್ಪು, ಕಪ್ಪು, ಸಪ್ಪೆ, ತಪ್ಪು, ದಪ್ಪ. ‘ತಪ್ಪು’ ಕಂಡಾಗ ‘ತಪ್ಪದೇ’ ಹೊಳೆಯಿತು. ನಿಜ ಅಲ್ವಾ? ಹಪ್ಪಳ ಹಾಕಿದ ದಿನ ಮಳೆ ತಪ್ಪುವುದೇ ಇಲ್ಲ. ನನಗೆ ಈ ಮಾತು ಮೊದಲು ತೋಚಿರಲಿಲ್ಲ, ಪ್ರಾಸ ಎಳೆದು ತಂದು ಕೊಟ್ಟಿತು. ‘ನಿಯಮ ಇದ್ದರೆ ಭಾವನೆ ಸಾಯುತ್ತದೆ’ ಎನ್ನುವವರ ಮಾತನ್ನು ನಾನು ಅಂದಿನಿಂದ ನಂಬುತ್ತಿಲ್ಲ.

ಕೊನೆಗೆ ಹೀಗೆ ಬಂತು:

ಹಪ್ಪಳವ | ಬಿಸಿಲೀಗೆ | ಹರಡೀದೆ | ಅಂಗಳದಿ
ತಪ್ಪದೇ | ಬಂತು | ಮಳೆರಾಯ | ಓಡೋಡಿ
ಅಪ್ಪಯ್ಯ | ಕೊಡೆಯ | ಹಿಡಿದಾರ

‘ಓಡೋಡಿ’ ಎಂಬ ಪದ ಎರಡನೇ ಸಾಲಿನ ತುದಿಯಲ್ಲಿ ನೇತಾಡುತ್ತಿರುವುದನ್ನು ಗಮನಿಸಿ. ಓಡಿದ್ದು ಮಳೆಯೋ ಅಪ್ಪಯ್ಯನೋ ಎಂದು ಒಂದು ಗಳಿಗೆ ಗೊತ್ತಾಗುವುದಿಲ್ಲ. ತ್ರಿಪದಿಯ ಮಜಾ ಅಲ್ಲಿದೆ. ಎಂಟನೇ ತುಂಡು ಬಾಗಿಲ ಹೊಸ್ತಿಲ ಹಾಗೆ, ಒಂದು ಕಾಲು ಹೊರಗೆ, ಒಂದು ಕಾಲು ಒಳಗೆ. ಅಲ್ಲಿಗೆ ಒಳ್ಳೆಯ ಪದ ಸಿಕ್ಕಿದರೆ ಅರ್ಧ ಕೆಲಸ ಮುಗಿದಂತೆ. ಇನ್ನು, ನಮ್ಮ ಕಡೆ ಯಾರೂ ‘ಹಿಡಿದಾರ’ ಎನ್ನುವುದಿಲ್ಲ. ಉತ್ತರ ಕರ್ನಾಟಕದ ಹಾಡು ಕೇಳಿ ಕೇಳಿ ಬಾಯಿಗೆ ಅಂಟಿದ್ದು ಅದು. ಅಪ್ಪಯ್ಯ ಓದಿ, ‘ಕೊಡೆ ಹಿಡಿದದ್ದು ಹಪ್ಪಳಕ್ಕೆ, ನನಗಲ್ಲ ಅಂತ ಸೇರಿಸು’ ಎಂದರು. ಅದಕ್ಕೆ ತುಂಡು ಉಳಿದಿರಲಿಲ್ಲ.

ಬರೆದಾದ ಮೇಲೆ ಏನು ಮಾಡುವುದು?

ಮೊದಲು, ಮತ್ತೆ ಕೆಲಸದ ಜಾಗಕ್ಕೆ ಹೋಗಿ ಹಾಡಿ ನೋಡಿ. ನಾಲಿಗೆ ಎಡವಿದ ಕಡೆ ತಪ್ಪಿದೆ ಎಂದರ್ಥ. ನಾನು ಇದನ್ನು ಮಾಡದೆ ನಾದಿನಿಯ ಸೀಮಂತದಲ್ಲಿ ನೇರವಾಗಿ ಹಾಡಲು ಹೋಗಿ, ಮೂರನೇ ತುಂಡಿನಲ್ಲಿ ಸಿಕ್ಕಿಹಾಕಿಕೊಂಡು, ಆರತಿ ತಟ್ಟೆ ಹಿಡಿದವರೆಲ್ಲ ಕಾಯುತ್ತ ನಿಲ್ಲುವಂತಾಗಿತ್ತು.

ಆಮೇಲೆ ಮನೆಯವರ ವಾಟ್ಸಾಪ್ ಗುಂಪಿಗೆ ಹಾಕಿ, ಆದರೆ ಪೂರ್ತಿ ಹಾಕಬೇಡಿ. ಪೂರ್ತಿ ಹಾಕಿದರೆ ಎರಡು ಕೈ ಜೋಡಿಸಿದ ಚಿತ್ರ ಬರುತ್ತದೆ, ಅಷ್ಟೇ. ಮೊದಲ ಸಾಲು ಮಾತ್ರ ಹಾಕಿ ‘ಮುಂದಿಂದು ಯಾರು ಹೇಳ್ತೀರಾ?’ ಎಂದು ಕೇಳಿ. ನಮ್ಮಲ್ಲಿ ಹೀಗೆ ಶುರುವಾದದ್ದು ದುಬೈಯಲ್ಲಿರುವ ಭಾವನಿಂದ ಹಿಡಿದು ಒಂಬತ್ತನೇ ಕ್ಲಾಸಿನ ತಮ್ಮನ ಮಗಳವರೆಗೆ ಹಬ್ಬಿತು. ಅವಳು ಮಾತ್ರೆ ಎಣಿಸುವುದರಲ್ಲಿ ಈಗ ನನ್ನನ್ನು ಮೀರಿಸಿದ್ದಾಳೆ. ತಪ್ಪು ಹಿಡಿಯುವುದರಲ್ಲೂ.

ನಿಮಗೂ ಒಂದು ಸಾಲು ಕೊಡುತ್ತೇನೆ. ಕುಕ್ಕರ್ ಮುಂದೆ ಸ್ಟೂಲ್ ಹಾಕಿಕೊಂಡು ಕೂತ ಅಮ್ಮನನ್ನು ನೋಡಿ ಬಂದದ್ದು:

ಕೂಗುಗಳ | ಎಣಿಸುತ್ತ | ಕೂತಾಳೆ | ನಮ್ಮಮ್ಮ

ಎರಡನೇ ಅಕ್ಷರ ‘ಗ’, ಹಿಂದೆ ದೀರ್ಘ. ಹಾಗಾಗಿ ಆನೆ. ಬೇಗ, ಕಾಗೆ, ಜಾಗ, ಹೇಗೆ, ಬಾಗಿಲು, ರಾಗಿ, ಹೋಗು ಇವೆಲ್ಲ ಕೈಗೆ ಸಿಗುವಂತಿವೆ. ಉಳಿದ ಏಳು ತುಂಡು ನಿಮ್ಮವು. ಅಮ್ಮ ಲೆಕ್ಕ ತಪ್ಪಿದರೋ, ಬೇಳೆ ತಳ ಹಿಡಿಯಿತೋ, ನೀವೇ ಹೇಳಬೇಕು.