ಊದುವ ಬಾಯಿ, ಎಳೆಯುವ ಬಾಯಿ

ಅಂಗಳದ ಒಣ ಎಲೆಯನ್ನು ಊದಲು, ಎಳೆದುಕೊಳ್ಳಲು ನಾನು ಮಾಡಿದ ಮೊದಲ ಯಂತ್ರ ಎಲೆಗಿಂತ ಕಲ್ಲನ್ನೇ ಹೆಚ್ಚು ನುಂಗಿತು. ಎರಡನೆಯದು ಕಲ್ಲನ್ನು ಬಿಟ್ಟಿತು, ಅದರ ಜೊತೆಗೆ ಅರ್ಧ ಎಲೆಗಳನ್ನೂ ಬಿಟ್ಟಿತು. ಮೂರನೆಯದರ ಹೊತ್ತಿಗೆ, ಗಾಳಿಯನ್ನು ಊದುವುದೂ ಎಳೆಯುವುದೂ ಒಂದೇ ಕೆಲಸದ ಎರಡು ಮುಖ ಎಂದು ನಂಬಿದ್ದೇ ನನ್ನ ತಪ್ಪು ಎಂಬುದು ತಲೆಗೆ ಹೋಯಿತು.

ಬೆಳಗಾವಿಯ ಉದ್ಯಮಬಾಗದಲ್ಲಿ ನನ್ನದೊಂದು ಸಣ್ಣ ವರ್ಕ್‌ಶಾಪ್ ಇದೆ. ಎರಡು ಲೇತ್, ಒಂದು ಮಿಲ್ಲಿಂಗ್ ಯಂತ್ರ, ಒಂದು ಡ್ರಿಲ್ಲಿಂಗ್ ಯಂತ್ರ. ಇಪ್ಪತ್ತು ವರ್ಷಗಳಿಂದ ನೀರಿನ ಪಂಪಿನ ಇಂಪೆಲ್ಲರ್‌ಗಳನ್ನು, ಅಂದರೆ ನೀರು ಎಸೆಯುವ ಚಕ್ರಗಳನ್ನು, ಲೇತ್‌ಗೆ ಹಾಕುತ್ತ ಬಂದಿದ್ದೇನೆ. ಕಸ ಗುಡಿಸುವ ಯಂತ್ರದ ಹುಚ್ಚು ಹಿಡಿಸಿದವಳು ಟಿಳಕವಾಡಿಯಲ್ಲಿರುವ ನನ್ನ ಅಕ್ಕ. ಅವಳ ಅಂಗಳದಲ್ಲಿ ಎರಡು ಮಾವಿನ ಮರ, ಕಾಂಪೌಂಡಿನ ಹೊರಗೆ ಒಂದು ದೊಡ್ಡ ರೈನ್ ಟ್ರೀ. ಮಾಘ ಮಾಸ ಬಂದರೆ ಬೆಳಿಗ್ಗೆ ಗುಡಿಸಿದ ಅಂಗಳ ಮಧ್ಯಾಹ್ನಕ್ಕೆ ಮತ್ತೆ ಮುಚ್ಚಿಹೋಗುತ್ತದೆ. ಗುಡ್ಡೆ ಹಾಕಿ ಬೆಂಕಿ ಇಟ್ಟರೆ ಅವಳ ಅತ್ತೆಗೆ ದಿನವಿಡೀ ಕೆಮ್ಮು. ಪೇಟೆಯಿಂದ ತಂದ ಒಂದು ಯಂತ್ರ ಎರಡು ತಿಂಗಳು ಓಡಿ, ಒಳಗಿನ ಪ್ಲಾಸ್ಟಿಕ್ ಚಕ್ರ ಒಡೆದು, ಬಿಡಿಭಾಗ ಸಿಗದೆ ಅಟ್ಟ ಸೇರಿತ್ತು. "ದಿನಾ ಪಂಪಿನ ಚಕ್ರ ತಿರುವುತ್ತೀಯಲ್ಲ, ಇದೊಂದನ್ನು ಮಾಡಿಕೊಡುವುದು ನಿನಗೆ ಯಾವ ಲೆಕ್ಕ?" ಎಂದಳು. ನನಗೂ ಹಾಗೆಯೇ ಅನ್ನಿಸಿತ್ತು.

ಅಟ್ಟದಿಂದ ಇಳಿಸಿ ಬಿಚ್ಚಿ ನೋಡಿದೆ. ತತ್ವ ಸರಳವಾಗಿದೆ. ಬಸವನಹುಳುವಿನ ಚಿಪ್ಪಿನಂಥ ಕೇಸಿಂಗ್, ಅದರೊಳಗೆ ರೆಕ್ಕೆಗಳಿರುವ ಚಕ್ರ. ಗಾಳಿ ನಡುವಿನಿಂದ ಒಳಗೆ ಬಂದು, ತಿರುಗುವ ರೆಕ್ಕೆಗಳಿಂದ ಅಂಚಿಗೆ ಎಸೆಯಲ್ಪಟ್ಟು, ಚಿಪ್ಪಿನ ಬಾಯಿಂದ ಹೊರಗೆ ಹೋಗುತ್ತದೆ. ಹೊರಗಿನ ಬಾಯಿಗೆ ಕಿರಿದಾದ ನಾಝಲ್ ಹಾಕಿದರೆ ಅದು ಊದುವ ಯಂತ್ರ. ಒಳಗಿನ ಬಾಯಿಗೆ ಅಗಲವಾದ ಕೊಳವೆ, ಹೊರಗಿನದಕ್ಕೆ ಚೀಲ ಹಾಕಿದರೆ ಎಳೆಯುವ ಯಂತ್ರ. ಎಲೆ ಆ ಚಕ್ರದ ಮೂಲಕವೇ ಹಾದು, ಪುಡಿಯಾಗಿ ಚೀಲ ಸೇರಬೇಕು.

ಪಂಪಿನಂತೆಯೇ ಕಾಣುತ್ತದೆ, ಆದರೆ ಗಾಳಿ ನೀರಿಗಿಂತ ಸುಮಾರು 800 ಪಟ್ಟು ಹಗುರ. ಪಂಪಿನ ವೇಗದಲ್ಲಿ, ಅಂದರೆ ನಿಮಿಷಕ್ಕೆ 2,800 ಸುತ್ತಿನಲ್ಲಿ, ನನ್ನ ಅಂಗೈಯಗಲದ ಚಕ್ರ ಎಲೆಯನ್ನು ಅಲುಗಿಸಿತೇ ಹೊರತು ಎಬ್ಬಿಸಲಿಲ್ಲ. ವೇಗ ಬೇಕಿತ್ತು. ವರ್ಕ್‌ಶಾಪಿನಲ್ಲಿಯೇ ಅದು ಬಿದ್ದಿತ್ತು: 1,200 ವ್ಯಾಟ್‌ನ ಹಳೆಯ ಆ್ಯಂಗಲ್ ಗ್ರೈಂಡರ್, ಲೋಹ ಉಜ್ಜುವ ಕೈಯಂತ್ರ. ಬರಿದಾಗಿ ತಿರುಗುವಾಗ 11,000 ಸುತ್ತು, ಭಾರ ಬಿದ್ದಾಗ 10,000ದ ಆಸುಪಾಸು. ಅದಕ್ಕೆ 160 ಮಿಲಿಮೀಟರ್ ವ್ಯಾಸದ ಚಕ್ರ ಹಾಕಿದರೆ ರೆಕ್ಕೆಯ ತುದಿ ಸೆಕೆಂಡಿಗೆ 84 ಮೀಟರ್ ಓಡುತ್ತದೆ, ಗಂಟೆಗೆ 300 ಕಿಲೋಮೀಟರಿನಷ್ಟು. ಈ ಅಂಕಿಯನ್ನು ಕಾಗದದ ಮೇಲೆ ಬರೆಯುವಾಗ ಭಯವಾಗುವುದಿಲ್ಲ. ಮೊದಲ ಚಕ್ರವನ್ನು ಪ್ಲಾಸ್ಟಿಕ್‌ನಲ್ಲಿ ತ್ರೀಡಿ ಪ್ರಿಂಟ್ ಮಾಡಿಸಿದ್ದೆ. ಸುತ್ತ ಮರಳಿನ ಚೀಲಗಳನ್ನು ಪೇರಿಸಿ, ನಾನು ಪಕ್ಕದ ಕೋಣೆಯಲ್ಲಿ ನಿಂತು ಸ್ವಿಚ್ ಹಾಕಿ, ಹುಡುಗನೊಬ್ಬನ ಕೈಯಲ್ಲಿ ಉದ್ದನೆಯ ಕೊಳವೆಯಿಂದ ಒಂದು ಬೆಣಚುಕಲ್ಲು ಬಿಡಿಸಿದೆ. ಪಟಾಕಿಯಂಥ ಸದ್ದು. ಚಕ್ರದ ಮೂರು ರೆಕ್ಕೆಗಳು ಚೀಲದ ಮರಳಿನೊಳಗೆ ಸಿಕ್ಕವು, ನಾಲ್ಕನೆಯದು ಇವತ್ತಿಗೂ ಸಿಕ್ಕಿಲ್ಲ.

ಹಾಗಾಗಿ ಅಲ್ಯೂಮಿನಿಯಂ ಎರಕ. ಇಲ್ಲಿ ಫೌಂಡ್ರಿಗಳಿಗೆ ಬರವಿಲ್ಲ. ಪಂಪು, ಕವಾಟ, ಗಾಡಿಗಳ ಬಿಡಿಭಾಗಗಳ ಎರಕ ಹೊಯ್ಯುವುದು ಈ ಊರಿನ ಹಳೆಯ ಕಸುಬು. ಆದರೆ ನಾಲ್ಕೇ ಚಕ್ರ ಬೇಕು ಎಂದರೆ ಯಾರೂ ಮುಖ ಎತ್ತಿ ನೋಡುವುದಿಲ್ಲ. ಕೊನೆಗೆ, ನಿವೃತ್ತಿಯ ನಂತರವೂ ಮನೆಯ ಹಿಂದೆ ಸಣ್ಣ ಕುಲುಮೆ ಇಟ್ಟುಕೊಂಡಿರುವ ಒಬ್ಬ ಕಾಕಾ ಒಪ್ಪಿದರು. ನಾನು ಪಂಪಿನ ಅಭ್ಯಾಸದಲ್ಲಿ ಹಿಂದಕ್ಕೆ ಬಾಗಿದ ರೆಕ್ಕೆಗಳ ಪ್ಯಾಟರ್ನ್, ಅಂದರೆ ಎರಕದ ಅಚ್ಚು ತೆಗೆಯುವ ಮಾದರಿ, ಮಾಡಿಕೊಂಡು ಹೋಗಿದ್ದೆ. ಬಾಗಿದ ರೆಕ್ಕೆ ಕಡಿಮೆ ಶಕ್ತಿಯಲ್ಲಿ ಹೆಚ್ಚು ಗಾಳಿ ಕೊಡುತ್ತದೆ, ನಿಜ. ಕಾಕಾ ಅದನ್ನು ತಿರುಗಿಸಿ ನೋಡಿ, "ಇದರೊಳಗೆ ಎಲೆ ಹೋಗಬೇಕು ಎಂದೆಯಲ್ಲ ತಮ್ಮಾ, ಈ ಡೊಂಕಿನಲ್ಲಿ ಅದು ಕೂತುಬಿಡುವುದಿಲ್ಲವೇ?" ಎಂದರು. ಗಿರಣಿಗಳಲ್ಲಿ ಹೊಟ್ಟು, ಹತ್ತಿ, ಮರದ ಹೊಟ್ಟನ್ನು ಸಾಗಿಸುವ ಫ್ಯಾನುಗಳಲ್ಲಿ ನೆಟ್ಟಗಿನ ರೆಕ್ಕೆ ಇರುವುದು ಇದಕ್ಕಾಗಿಯೇ. ಅಂಟಿದ್ದನ್ನು ಅದು ತಾನೇ ಎಸೆದುಕೊಳ್ಳುತ್ತದೆ. ಪ್ಯಾಟರ್ನ್ ಹೊಸದಾಗಿ ಮಾಡಿದೆ: ನೆಟ್ಟಗಿನ ಆರು ರೆಕ್ಕೆ, ಮುಂಭಾಗ ತೆರೆದದ್ದು. ಎರಕದೊಳಗೆ ಗಾಳಿಗುಳ್ಳೆ ಉಳಿದರೆ ಒಂದು ಬದಿ ಹಗುರಾಗುತ್ತದೆ. 10,000 ಸುತ್ತಿನಲ್ಲಿ ಅಂಚಿನ ಒಂದು ಗ್ರಾಂ ವ್ಯತ್ಯಾಸ ಕೂಡ ಸುಮಾರು ಒಂಬತ್ತು ಕಿಲೋ ಭಾರದಷ್ಟು ಬಲದಿಂದ ಬೇರಿಂಗನ್ನು ಗುದ್ದುತ್ತದೆ. ನಾಲ್ಕು ಎರಕಗಳಲ್ಲಿ ಎರಡನ್ನು ಮತ್ತೆ ಕರಗಿಸಿದೆವು. ಉಳಿದವುಗಳಲ್ಲಿ ಭಾರವಾದ ಬದಿಗೆ ಸಣ್ಣ ತೂತು ಕೊರೆದು ಬ್ಯಾಲೆನ್ಸ್ ಮಾಡಿದೆ.

ಊದುವ ಕೆಲಸ ಬೇಗ ಕೈಗೆ ಬಂತು. ಗಾಳಿಯ ವೇಗ ಅಳೆಯಲು ಉಪಕರಣ ಕೊಳ್ಳಲಿಲ್ಲ. ಸಲೈನ್ ಹಚ್ಚುವ ಪಾರದರ್ಶಕ ಕೊಳವೆಯನ್ನು ಹಲಗೆಗೆ ಯು ಆಕಾರದಲ್ಲಿ ಕಟ್ಟಿ, ಬಣ್ಣದ ನೀರು ತುಂಬಿ, ಒಂದು ತುದಿಯನ್ನು ನಾಝಲ್‌ಗೆ ಎದುರಾಗಿ ಹಿಡಿದರೆ ಸಾಕು. ಎರಡು ಬದಿಯ ನೀರಿನ ಮಟ್ಟದ ಅಂತರ 26 ಸೆಂಟಿಮೀಟರ್ ಬಂತು. ಲೆಕ್ಕ ಹಾಕಿದರೆ ಸೆಕೆಂಡಿಗೆ 65 ಮೀಟರ್. ನಾಝಲ್‌ನ ಬಾಯಿ 44 ಮಿಲಿಮೀಟರ್. ಹಾಗಾದರೆ ಸೆಕೆಂಡಿಗೆ ಸುಮಾರು 100 ಲೀಟರ್ ಗಾಳಿ. ಇಷ್ಟು ಗಾಳಿ ಹಿಂದಕ್ಕೆ ಒದೆಯುವ ಬಲ ಮುಕ್ಕಾಲು ಕಿಲೋಗೂ ಸ್ವಲ್ಪ ಹೆಚ್ಚು. ನಾಝಲ್ ಹಿಡಿಕೆಗಿಂತ ಕೆಳಗಿದ್ದರೆ ಆ ಒದೆತ ಮಣಿಕಟ್ಟನ್ನು ತಿರುಚುತ್ತದೆ. ಹತ್ತು ನಿಮಿಷ ಹಿಡಿದರೆ ಅದರ ಅರ್ಥ ಗೊತ್ತಾಗುತ್ತದೆ. ಹಿಡಿಕೆಯನ್ನು ಮುಂದಕ್ಕೆ ತಂದು, ನಾಝಲ್ಲನ್ನು ತುಸು ಮೇಲಕ್ಕೆ ಎತ್ತಿದ್ದು ಈ ಕಾರಣಕ್ಕೆ.

ಎಳೆಯುವ ಕೆಲಸ ನನ್ನನ್ನು ಒಂದು ವರ್ಷ ಸತಾಯಿಸಿತು.

ಒಲೆಯ ಮುಂದೆ ಕುಳಿತ ಅವ್ವ ಊದುಗೊಳವೆಯಿಂದ ಮೊಳದುದ್ದ ಆಚೆಯ ಕೆಂಡವನ್ನು ಕೆರಳಿಸುತ್ತಿದ್ದಳು. ಅದೇ ಕೊಳವೆಯಲ್ಲಿ ಉಸಿರು ಒಳಗೆ ಎಳೆದುಕೊಂಡರೆ ಕೆಂಡಕ್ಕೆ ಸುದ್ದಿಯೂ ಮುಟ್ಟುವುದಿಲ್ಲ. ಹೊರಗೆ ಹೋಗುವ ಗಾಳಿ ಈಟಿಯಂತೆ ಒಂದೇ ದಿಕ್ಕಿಗೆ ಹೋಗುತ್ತದೆ. ಬಾಯಿಯ ವ್ಯಾಸದ ಮೂವತ್ತು ಪಟ್ಟು ದೂರದಲ್ಲಿಯೂ ಅದರ ವೇಗದ ಹತ್ತನೇ ಒಂದು ಭಾಗ ಉಳಿದಿರುತ್ತದೆ. ಒಳಗೆ ಬರುವ ಗಾಳಿ ಎಲ್ಲ ದಿಕ್ಕುಗಳಿಂದ, ಹಿಂದಿನಿಂದಲೂ ಬರುತ್ತದೆ. ಬಾಯಿಯಿಂದ ಒಂದೇ ವ್ಯಾಸದಷ್ಟು ದೂರ ಸರಿದರೆ ಆಗಲೇ ಹತ್ತನೇ ಒಂದಕ್ಕೆ ಇಳಿದಿರುತ್ತದೆ. ಒಂದೇ ಚಕ್ರ, ಒಂದೇ ಮೋಟರ್, ಆದರೆ ಒಂದು ಕಡೆ ಉದ್ದ ತೋಳು, ಇನ್ನೊಂದು ಕಡೆ ಮೋಟು ಕೈ. ಊದುವಾಗ ನಿಂತಲ್ಲಿಂದಲೇ ಕೆಲಸ ಮಾಡಬಹುದು. ಎಳೆಯುವಾಗ ಕೊಳವೆಯ ಬಾಯಿಯನ್ನು ಎಲೆಯ ತಲೆಯ ಮೇಲೆಯೇ ಒಯ್ಯಬೇಕು.

ಮೋಟು ಕೈಗೆ ಬಲ ಬರಲೆಂದು ಕೊಳವೆಯನ್ನು ಕಿರಿದು ಮಾಡಿದ್ದೆ. ತೋಟದ 75 ಮಿಲಿಮೀಟರ್ ಪಿವಿಸಿ ಪೈಪು, ಅದರೊಳಗೆ ಸೆಕೆಂಡಿಗೆ 26 ಮೀಟರ್ ಗಾಳಿ. ಎಲೆ ಬಂತು, ಜೊತೆಗೆ ಬೆರಳಿನ ಉಗುರಿನಷ್ಟು ಖಡಿಕಲ್ಲೂ ಬಂತು. ಅಕ್ಕನ ಅಂಗಳದ ಕೆಂಪು ಮಣ್ಣಿನಲ್ಲಿ ಅದಕ್ಕೇನು ಕಡಿಮೆ! ಕೇಸಿಂಗ್‌ನೊಳಗೆ ಗೋಲಿ ಆಡಿದ ಸದ್ದು. ಅಲ್ಯೂಮಿನಿಯಂ ಒಡೆಯಲಿಲ್ಲ, ರೆಕ್ಕೆಯ ಅಂಚು ಗರಗಸವಾಯಿತು.

ಇದಕ್ಕೆ ಉತ್ತರ ಸಿಕ್ಕಿದ್ದು ಬೈಲಹೊಂಗಲದ ಕಡೆಯ ನಮ್ಮ ಊರಿನ ಕಣದಲ್ಲಿ. ಜೋಳದ ರಾಶಿ ಮಾಡುವಾಗ ಅಪ್ಪ ಗಾಳಿ ಕಾಯುತ್ತ ಕೂರುತ್ತಿದ್ದ. ಗಾಳಿ ಸಣ್ಣದಾದರೆ ಹೊಟ್ಟು ಕಾಳಿನ ಜೊತೆಯೇ ಕೆಳಗೆ ಬೀಳುತ್ತದೆ, ಜೋರಾದರೆ ಕಾಳೂ ಹೊಟ್ಟಿನ ಜೊತೆ ಹೋಗುತ್ತದೆ. ನಡುವಿನ ಒಂದು ಹದದಲ್ಲಿ ಮಾತ್ರ ಮೊರ ಎತ್ತಬೇಕು. ನನ್ನ ಕೊಳವೆಗೂ ಬೇಕಾದದ್ದು ಅದೇ ಹದ. ಒಂದು ಸೆಂಟಿಮೀಟರ್ ಗಾತ್ರದ ಕಲ್ಲನ್ನು ಮೇಲೆತ್ತಲು ಸೆಕೆಂಡಿಗೆ ಸುಮಾರು 24 ಮೀಟರ್ ಗಾಳಿ ಬೇಕು. ಒಣ ಮಾವಿನ ಎಲೆಗೆ ಕೆಲವೇ ಮೀಟರ್ ಸಾಕು. ಕೊಳವೆಯನ್ನು 110 ಮಿಲಿಮೀಟರ್‌ಗೆ ಅಗಲಿಸಿದೆ. ವೇಗ 15ಕ್ಕೆ ಇಳಿಯಿತು. ಖಡಿ ಒಂದು ಗೇಣು ಮೇಲೆದ್ದು, ಯೋಚಿಸಿದಂತೆ ಮಾಡಿ, ಮತ್ತೆ ಕೆಳಗೆ ಬೀಳುತ್ತಿತ್ತು. ಶಕ್ತಿ ಹೆಚ್ಚಿಸಿ ಅಲ್ಲ, ವೇಗ ತಗ್ಗಿಸಿ ಗೆದ್ದದ್ದು ನನ್ನ ಮಟ್ಟಿಗೆ ಹೊಸ ಪಾಠ. ಬಾಯಿಯನ್ನು ಓರೆಯಾಗಿ ಕತ್ತರಿಸಿದೆ. ನೆಟ್ಟಗೆ ಕತ್ತರಿಸಿದ್ದರೆ ನೆಲಕ್ಕೆ ಮುಚ್ಚಳದಂತೆ ಕೂತು ಗಾಳಿಯೇ ಬರುತ್ತಿರಲಿಲ್ಲ. ಒದ್ದೆ ಎಲೆಗೆ ಮಾತ್ರ ಈ ವೇಗ ಸಾಲದು. ಮಳೆಗಾಲದಲ್ಲಿ ಕರೆಂಟಿನ ಯಂತ್ರವನ್ನು ಹೊರಗೆ ತರುವುದೇ ತಪ್ಪು ಎಂದು ಹೇಳಿ ನಾನು ಆ ಪ್ರಶ್ನೆಯಿಂದ ಜಾರಿಕೊಂಡಿದ್ದೇನೆ.

ಚೀಲದ ಕಥೆ ಚಿಕ್ಕದು. ದಪ್ಪ ಕ್ಯಾನ್ವಾಸ್ ಹೊಲಿಸಿದೆ, ಎರಡು ನಿಮಿಷದಲ್ಲಿ ಅದರ ರಂಧ್ರಗಳನ್ನು ಧೂಳು ಮುಚ್ಚಿತು, ಎಳೆತ ಸತ್ತಿತು. ತಮಾಷೆ ಎಂದರೆ ಆಗ ಮೋಟರಿನ ಸದ್ದು ಇನ್ನೂ ಏರಿತು. ಹುಡುಗರು "ಜೋರಾಯಿತು" ಎಂದು ಖುಷಿಪಟ್ಟರು. ಅದು ಜೋರಾದದ್ದಲ್ಲ. ಗಾಳಿ ಹಾದುಹೋಗದಿದ್ದರೆ ಚಕ್ರಕ್ಕೆ ಕೆಲಸ ಕಡಿಮೆ, ಮೋಟರ್ ಬರಿದೇ ಓಡುತ್ತದೆ. ಈಗ ಚೀಲದ ಹಿಂಭಾಗ ಮಾತ್ರ ಬಲೆಬಟ್ಟೆ, ಧೂಳು ಮುಖಕ್ಕೆ ಬರದೆ ಹಿಂದಕ್ಕೆ ಹೋಗುತ್ತದೆ. ಹತ್ತು ಚೀಲ ಎಲೆ ಒಂದು ಚೀಲಕ್ಕೆ ಇಳಿಯುತ್ತದೆ ಎಂದು ಪೇಟೆಯ ಯಂತ್ರಗಳ ಡಬ್ಬಿಯ ಮೇಲೆ ಬರೆದಿರುತ್ತಾರೆ. ನನ್ನದರಲ್ಲಿ ಮಾವಿನ ಎಲೆ ಐದಾರಕ್ಕೆ ಒಂದು. ಹೆಚ್ಚು ಕಾಡಿದ್ದು ರೈನ್ ಟ್ರೀಯ ಕಾಯಿ. ಬೇಸಿಗೆಯಲ್ಲಿ ಉದುರುವ ಆ ಕಾಯಿಯೊಳಗೆ ಬೆಲ್ಲದ ಪಾಕದಂಥ ಅಂಟು ಇರುತ್ತದೆ. ನೆಟ್ಟಗಿನ ರೆಕ್ಕೆಯೂ ಅದನ್ನು ಎಸೆಯಲಾರದು. ಒಂದು ಬದಿಗೆ ಅಂಟಿದರೆ ಇಡೀ ಯಂತ್ರ ಚಳಿಜ್ವರ ಬಂದಂತೆ ನಡುಗುತ್ತದೆ. ಅದನ್ನು ಕೈಯಲ್ಲಿಯೇ ಆರಿಸಬೇಕು.

ಸದ್ದಿನ ಬಗ್ಗೆ ಅಕ್ಕನ ನೆರೆಯವರು ಮೊದಲ ದಿನವೇ ಗೇಟಿಗೆ ಬಂದಿದ್ದರು. ವಸತಿ ಪ್ರದೇಶದಲ್ಲಿ ಹಗಲು ಹೊತ್ತಿಗೆ ನಿಯಮದ ಮಿತಿ 55 ಡೆಸಿಬಲ್. ಇಂಥ ಯಂತ್ರ ಅದರ ಹತ್ತಿರವೂ ನಿಲ್ಲುವುದಿಲ್ಲ. ಅಮೆರಿಕದ ಬೆವರ್ಲಿ ಹಿಲ್ಸ್‌ನವರು 1976ರಲ್ಲಿಯೇ ಈ ಗಲಾಟೆಗೆ ಬೇಸತ್ತು ಎಲೆ ಊದುವ ಯಂತ್ರವನ್ನು ನಿಷೇಧಿಸಿದ್ದರು ಎಂದು ಓದಿದಾಗ ನೆರೆಯವರ ಮೇಲಿನ ಸಿಟ್ಟು ಇಳಿಯಿತು. ಕಿವಿ ಚುಚ್ಚುತ್ತಿದ್ದದ್ದು ಮೋಟರಿನ ಮೊರೆತಕ್ಕಿಂತ ಒಂದು ಸಿಳ್ಳು. ಕೇಸಿಂಗ್‌ನಲ್ಲಿ ಗಾಳಿ ಹೊರಗೆ ತಿರುಗುವ ಮೂಲೆ ನಾಲಗೆಯಂತೆ ಚಾಚಿರುತ್ತದೆ. ಪ್ರತಿ ರೆಕ್ಕೆ ಅದನ್ನು ದಾಟುವಾಗ ಒಂದು ಪೆಟ್ಟು. ಆರು ರೆಕ್ಕೆ, ಸೆಕೆಂಡಿಗೆ 167 ಸುತ್ತು, ಅಂದರೆ ಸಾವಿರ ಪೆಟ್ಟು. ನಾಲಗೆಗೂ ಚಕ್ರಕ್ಕೂ ನಡುವೆ ಐದು ಮಿಲಿಮೀಟರ್ ಇದ್ದ ಸಂದನ್ನು ಹದಿನಾರಕ್ಕೆ ಏರಿಸಿದೆ. ಸ್ವಲ್ಪ ಗಾಳಿ ಸೋತೆ, ಸಿಳ್ಳು ಹೋಯಿತು. ಎಲೆಯ ತೊಟ್ಟು ಅಲ್ಲಿ ಸಿಕ್ಕಿಕೊಳ್ಳುವುದೂ ನಿಂತಿತು. ಆದರೂ ಬೆಳಿಗ್ಗೆ ಎಂಟರೊಳಗೆ ಹಚ್ಚಬಾರದು ಎಂದು ಅಕ್ಕನಿಗೆ ಹೇಳಿದ್ದೇನೆ.

ನಾನು ಯಾವ ರಾಜಿಯನ್ನೂ ಮಾಡಿಕೊಳ್ಳದ ಜಾಗ ಒಂದೇ: ಬೆರಳು. ಕೊಳವೆ ತೆಗೆದರೆ ಚಕ್ರ ಬಾಯಿ ತೆರೆದುಕೊಂಡಿರುತ್ತದೆ. ಕೊಳವೆಯೋ ಜಾಲರಿ ಮುಚ್ಚಳವೋ ಸರಿಯಾಗಿ ಕೂತು ಒಳಗಿನ ಸಣ್ಣ ಸ್ವಿಚ್ಚನ್ನು ಒತ್ತದಿದ್ದರೆ ಮೋಟರಿಗೆ ಕರೆಂಟೇ ಹೋಗುವುದಿಲ್ಲ. ಅಷ್ಟು ಸಾಲದು. ಕರೆಂಟ್ ಕಡಿದ ಮೇಲೂ ಚಕ್ರ ಕೆಲವು ಸೆಕೆಂಡು ತಿರುಗುತ್ತಲೇ ಇರುತ್ತದೆ. ಕೊಳವೆಯನ್ನು ತಟಕ್ಕನೆ ಕಳಚುವ ಕ್ಲಿಪ್ಪಿನ ಬದಲು ಹಲವು ಸುತ್ತುಗಳ ಉದ್ದನೆಯ ತಿರುಪು ಹಾಕಿದೆ. ಅದನ್ನು ಹನ್ನೆರಡು ಸುತ್ತು ಬಿಚ್ಚುವಷ್ಟರಲ್ಲಿ ಚಕ್ರ ನಿಂತಿರುತ್ತದೆ. ಹುಡುಗರು ಬೈದುಕೊಳ್ಳುತ್ತಾರೆ, ಬೈದುಕೊಳ್ಳಲಿ. ಅಂಗಳದ ಪ್ಲಗ್ಗಿಗೆ 30 ಮಿಲಿ ಆ್ಯಂಪಿಯರ್‌ನ ಆರ್‌ಸಿಸಿಬಿ, ಅಂದರೆ ಕರೆಂಟ್ ಸೋರಿದರೆ ತಾನೇ ಕಡಿದುಬಿಡುವ ಸ್ವಿಚ್, ಹಾಕಿಸಿದ ಮೇಲೆಯೇ ಯಂತ್ರವನ್ನು ಅಕ್ಕನ ಮನೆಗೆ ಒಯ್ದೆ. ಆದರೂ ಫೆಬ್ರುವರಿಯ ಒಣ ಹವೆಯಲ್ಲಿ ಅವಳಿಗೆ ಚುರುಕ್ಕೆಂದಿತು. ಕರೆಂಟಲ್ಲ, ಒಣ ಎಲೆ ಪಿವಿಸಿಗೆ ಉಜ್ಜಿ ಹುಟ್ಟಿದ ಸ್ಥಿರ ವಿದ್ಯುತ್ತು. ಕೊಳವೆಯ ಉದ್ದಕ್ಕೂ ತಾಮ್ರದ ತಂತಿ ಸುತ್ತಿ, ತುದಿಯನ್ನು ನೆಲಕ್ಕೆ ಎಳೆದಾಡುವಂತೆ ಬಿಟ್ಟೆ.

ಅಕ್ಕನ ಮನೆಯ ಅಂಗಳ ಗುಡಿಸಲು ಬರುವ ಹೆಂಗಸು ಒಂದು ತಿಂಗಳು ಅದನ್ನು ಮುಟ್ಟಲಿಲ್ಲ. ಉದ್ದ ಹಿಡಿಯ ಕಸಬರಿಗೆಯೇ ಅವರಿಗೆ ಸರಿ. ಆಮೇಲೆ ಒಂದು ದಿನ ಅವರೇ ಒಂದು ಕ್ರಮ ಕಂಡುಕೊಂಡಿದ್ದರು: ಮೊದಲು ಊದಿ ಎಲ್ಲವನ್ನೂ ಗೋಡೆಯ ಮೂಲೆಗೆ ತರುವುದು, ಕಾಯಿ ಕಡ್ಡಿ ಆರಿಸುವುದು, ಕೊನೆಗೆ ಗುಡ್ಡೆಯ ಮೇಲೆ ಮಾತ್ರ ಎಳೆಯುವ ಕೊಳವೆ. ಉದ್ದ ತೋಳಿಗೆ ದೂರದ ಕೆಲಸ, ಮೋಟು ಕೈಗೆ ಹತ್ತಿರದ ಕೆಲಸ. ನಾನು ಅವರಿಗೆ ಏನನ್ನೂ ವಿವರಿಸಿರಲಿಲ್ಲ.

ಇನ್ನೊಂದನ್ನೂ ಗಮನಿಸಿದೆ. ಚೀಲ ತುಂಬಿದರೆ ಭಾರ ಹಿಂದಕ್ಕೆ ಜಗ್ಗಿ ಕೊಳವೆಯ ಮೂತಿ ಮೇಲೇಳುತ್ತದೆ. ಅದಕ್ಕಾಗಿ ಭುಜದ ಪಟ್ಟಿಯ ಕೊಕ್ಕೆಯನ್ನು ನಾನು ಮೂರು ಕಡೆ ಬದಲಿಸಿ ನೋಡಿ ಸೋತಿದ್ದೆ. ಅವರು ಹಳೆಯ ಸೀರೆಯ ಅಂಚನ್ನು ಹರಿದು, ಚೀಲದ ತಳಕ್ಕೆ ಗಂಟು ಹಾಕಿ, ಇನ್ನೊಂದು ತುದಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಿದ್ದರು. ಭಾರವೆಲ್ಲ ನಡುವಿನ ಮೇಲೆ, ಕೈ ಹಗುರ.

"ಇದೇನಕ್ಕಾ?" ಎಂದೆ.

"ಕೊಡ ಎಲ್ಲಿ ಹೊರುತ್ತಾರೆ ಅಣ್ಣಾ, ಕೈಯಲ್ಲೇ?" ಎಂದರು.

ಅವತ್ತು ಸಂಜೆ ವರ್ಕ್‌ಶಾಪಿಗೆ ಹೋಗಿ ಚೀಲದ ತಳದ ಚೌಕಟ್ಟಿಗೆ ಒಂದು ಕೊಂಡಿ ಬೆಸೆದು, ಅಗಲವಾದ ಸೊಂಟಪಟ್ಟಿ ಹೊಲಿಯಲು ಕೊಟ್ಟು ಬಂದೆ. ಪಟ್ಟಿ ತಯಾರಾಗಿದೆ. ಅವರು ಇನ್ನೂ ಸೀರೆಯ ಅಂಚನ್ನೇ ಕಟ್ಟುತ್ತಾರೆ.